ಮಂಕಿಕ್ಯಾಪ್ ಹಾಕಿದವರ ಬಸ್ಸು

ಪುಣೆಯ ಚಳಿಯಲ್ಲಿ ಬೆಳಗ್ಗೆ ಎಂಥ ಚುರುಕಿನವನಿಗೂ ಮೈ ಏಳುವುದಿಲ್ಲ. ಚಿಂಚವಾಡದ ಚಹಾ ಅಂಗಡಿಯ ಬೆಂಚಿನ ಮೇಲೆ ಮುಖ ಮುಚ್ಚುವಂತೆ ಮಂಕಿಕ್ಯಾಪ್ ಹಾಕಿಕೊಂಡು, ಶಿರೂರಿನ ಬಸ್ಸಿಗೆ ಕಾಯುತ್ತ ತೂಕಡಿಸುತ್ತಿದ್ದೆ. ‘ಏಳಪಾ ಮಲ್ಲಪ್ಪ, ಬಸ್ ಬಂತು’ ಎಂದು ಯಾರೋ ಇಬ್ಬರು ತೋಳು ಹಿಡಿದು ಹತ್ತಿಸಿದರು. ಬಸ್ಸು ಬಂದಿದೆಯಲ್ಲ, ಹೆಸರಿಗೇಕೆ ಜಗಳ? ಮತ್ತೆ ಮಲಗಿದೆ.

ಕಣ್ಣು ಬಿಟ್ಟಾಗ ರಾಂಜಣಗಾಂವದ ಕಾರ್ಖಾನೆಯ ಗೇಟು. ಟೋಪಿ ತೆಗೆದರೆ, ಸುತ್ತ ನಿಂತ ಕಲಬುರಗಿ ಕಡೆಯ ಕಾರ್ಮಿಕರೆಲ್ಲ ಇವನು ಮಲ್ಲಪ್ಪನಲ್ಲವೆಂದು ದಂಗಾದರು.

‘ಚಳಿಗಾಲದಾಗ ಯಾರೂ ತಾವಾಗಿ ಏಳಂಗಿಲ್ರಿ. ಟೋಪಿ ನೋಡಿ ಎತ್ತಿ ಕಂಪನಿ ಬಸ್ಸಿಗೆ ಹಾಕ್ಕೊಂಡು ಬರ್ತೀವಿ’ ಎಂದು ಒಬ್ಬ ನಕ್ಕ. ‘ಶಿರೂರು ಇಲ್ಲೇ ಮುಂದ ಅದರಿ.’

ನನಗೇನು, ಊರು ಹತ್ತಿರವಾಯಿತು. ಆದರೆ ಮಲ್ಲಪ್ಪ ಎಲ್ಲಿ? ಫೋನ್ ಹಚ್ಚಿದರು. ಬಹಳ ಹೊತ್ತಿನ ಮೇಲೆ, ಚಹಾ ಅಂಗಡಿಯಿಂದಲೇ ನಿದ್ದೆಗಣ್ಣಿನ ಉತ್ತರ ಬಂತು: ‘ಬಸ್ ಬಂದ್ರ ಎಬ್ಬಿಸ್ರೋ!’