ಬೆಟ್ಟದಿಂದ ನನ್ನ ಜೊತೆ ಇಳಿದವರು

ಸ್ಟರ್ಲಿಂಗ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ, ಯಾರೇ ತಡಮಾಡಿದರೂ ಮೊಣಕೈ ತಟ್ಟಿ "ಆಯ್ತು, ನಡಿ" ಅನ್ನೋರು. ನಾನು, ನನ್ನ ಗಂಡ, ಅವರು ಒಟ್ಟಿಗೆ ಹೊರಡಲಿದ್ದ ನೇಪಾಳದ ಸುಲಭದ ಟ್ರೆಕ್‌ಗೆಂದು, ಅಭ್ಯಾಸಕ್ಕಾಗಿ ಚಳಿಗಾಲವಿಡೀ ಬೆನ್ನಿಗೆ ಅಕ್ಕಿಚೀಲ ಹೊತ್ತು ನಮ್ಮ ಬೀದಿ ಸುತ್ತಿದ್ದರು.

ಬೆಟ್ಟದ ದಾರಿಯ ಕೊನೆಯ ತಂಗುಮನೆಯಾದ ಟೀಹೌಸ್‌ನಲ್ಲಿ ನನಗೆ ತಲೆ ಸಿಡಿಯುವ ನೋವು, ವಾಂತಿ. ಇದು ಎತ್ತರದಿಂದ ಬರುವ ಕಾಯಿಲೆ, ಈಗಲೇ ಕೆಳಗಿಳಿಯಬೇಕು ಎಂದ ನಮ್ಮ ಇಬ್ಬರು ಗೈಡ್‌ಗಳಲ್ಲಿ ಒಬ್ಬ.

"ಈ ಗೈಡ್ ಜೊತೆ ನೀನು ಇಳಿ. ನಾನು ಗ್ರೂಪ್ ಜೊತೆ ಹೋಗಿ ವ್ಯೂ ನೋಡ್ಕೊಂಡು ಬರ್ತೀನಿ," ಎಂದರು ನನ್ನ ಗಂಡ.



ಆಂಟಿ ಒಮ್ಮೆ ಶಿಖರದ ಕಡೆ ನೋಡಿದರು. ತಮ್ಮ ಗ್ಲೌಸ್ ಬಿಚ್ಚಿ ನನ್ನ ಕೈಗೆ ತೊಡಿಸಿದರು. "ಆಯ್ತು, ನಡಿ," ಎಂದು ನನ್ನೊಡನೆ ಇಳಿದರು.

ಸಂಜೆ ಗಂಡ ಕೆಳಗಿನ ತಂಗುಮನೆಗೆ ಬಂದವರೇ ಫೋನ್ ಚಾಚಿದರು. "ಆಂಟಿ, ಫೋಟೋ ನೋಡಿ!"

ಆಂಟಿ ಫೋನ್ ಮುಟ್ಟಲಿಲ್ಲ.

"ಮೊದಲು ಅವಳು ಹೇಗಿದ್ದಾಳೆ ಅಂತ ಕೇಳಪ್ಪ," ಎಂದರು.