ಅರಳಿ ಕೇಳಿದವರು

ಹರಿಹರ ಅವರಿಗೆ ತಮಿಳು ಬರೋದಿಲ್ಲ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬರುತ್ತದೆ ಅಂದರೆ ತಮಿಳಿಗೇ ಸಿಟ್ಟು ಬರಬೇಕು, ಹಾಗಿತ್ತು ಅವರ ಮಾತು. ಮೈಸೂರು–ಅರಸೀಕೆರೆ ಲೈನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಆಯುಷ್ಯವೆಲ್ಲ ಕಳೆದು, ರಿಟೈರಾದ ಮೇಲೆ ಹೆಂಡತಿ ಅನಸೂಯನ ಕಿಡ್ನಿ ಕಾಯಿಲೆಗೆ ಔಷಧಿ ಮಾಡಿಸಲು ಮದ್ರಾಸಿಗೆ ಬಂದವರು ಅವರು. ಅದು ತೊಂಬತ್ತೆಂಟನೇ ಇಸವಿ. ಊರಿಗೆ ಚೆನ್ನೈ ಅಂತ ಹೊಸ ಹೆಸರು ಬಂದಿದ್ದರೂ ನಮ್ಮ ಬಾಯಿಗೆ ಇನ್ನೂ ಬಂದಿರಲಿಲ್ಲ. ಪೋರೂರಿನ ಆಸ್ಪತ್ರೆಗೆ ಹತ್ತಿರ, ಬಾಡಿಗೆಯೂ ಕಡಿಮೆ ಅಂತ ಕೆರೆಯ ಹಿಂದಿರುವ ನಮ್ಮ ಸಿತ್ತೇರಿಪಾಕ್ಕಂ ಹಳ್ಳಿಯಲ್ಲಿ ಒಂದು ಪೋರ್ಷನ್ ಹಿಡಿದರು.

ನಾನು ಚಂದ್ರಮತಿ, ತುಮಕೂರಿನವಳು. ಮದುವೆಯಾಗಿ ಇಲ್ಲಿಗೆ ಬಂದು, ನುಂಗಂಬಾಕ್ಕಂನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ತಲೆಗೂದಲು ಹಣ್ಣಾಗುವವರೆಗೆ ಫೈಲು ತಿರುವಿ, ಗಂಡ ಹೋದ ಮೇಲೆ ಈ ಹಳ್ಳಿಯಲ್ಲಿ ಪುಟ್ಟ ಮನೆ ಕಟ್ಟಿಕೊಂಡವಳು. ಸಂತೆಯಲ್ಲಿ ಸಿಕ್ಕಿದ ನೆಂಟರ ಹಾಗೆ ನಾನು ಆ ದಂಪತಿಗಳನ್ನು ಹಿಡಿದುಕೊಂಡೆ. ಅನಸೂಯ ಬಲು ತಮಾಷೆಯ ಹೆಂಗಸು. ಮಕ್ಕಳಾಗಲಿಲ್ಲ ಅಂತ ನಂಜನಗೂಡಿನಲ್ಲಿ ವರ್ಷಗಟ್ಟಲೆ ಅರಳಿ ಮರ ಸುತ್ತಿದವರು. "ಹೊಟ್ಟೆ ಬರ್ಲಿಲ್ಲ ಕಣ್ರೀ, ಕಾಲು ಮಾತ್ರ ಗಟ್ಟಿಯಾಯ್ತು" ಅಂತ ತಾವೇ ನಗುತ್ತಿದ್ದರು. ಆಮೇಲೆ ಆ ಕಾಲೂ ಊದಿಕೊಂಡು ನಡೆಯಲಾಗದೆ ಹೋಯಿತು.

ಹರಿಹರ ಅವರಿಗೆ ಸುಮ್ಮನೆ ಕೂರುವ ಅಭ್ಯಾಸವಿರಲಿಲ್ಲ. ಬಂದ ತಿಂಗಳಲ್ಲೇ ಬೆಳಿಗ್ಗೆ ಎದ್ದು ಬಸ್ ಸ್ಟಾಪಿನ ಸುತ್ತ ಪೊರಕೆ ಆಡಿಸಲು ಶುರುಮಾಡಿದರು. ಅದನ್ನು ನೋಡಿ ನಾಚಿಕೆಯಾಗಿ ಸೇರಿಕೊಂಡವರು ವೇದಾಚಲಂ. ಅದೇ ಊರಲ್ಲಿ ಹುಟ್ಟಿ ಅದೇ ಊರಿಗೆ ಕಾಗದ ಹಂಚಿ ರಿಟೈರಾಗಿದ್ದ ಪೋಸ್ಟ್‌ಮನ್. ಆಮೇಲೆ ನಾನು, ನನ್ನ ಹಿಂದೆ ಇನ್ನೂ ಕೆಲವರು ಪಿಂಚಣಿದಾರರು. ಊರಿನ ಹುಡುಗರು ನಮ್ಮನ್ನು 'ತೊಡಪ್ಪ ಗ್ಯಾಂಗ್' ಅನ್ನುತ್ತಿದ್ದರು. ತೊಡಪ್ಪ ಅಂದರೆ ತಮಿಳಿನಲ್ಲಿ ಪೊರಕೆ. ಅನ್ನಲಿ ಬಿಡಿ, ಅಂದವರ ಮನೆ ಮುಂದಿನ ಕಸವನ್ನೂ ನಾವೇ ಎತ್ತಿದ್ದೇವೆ.

ಬಸ್ ಸ್ಟಾಪಿನಿಂದ ದೇವಸ್ಥಾನದವರೆಗಿನ ದಾರಿಯಲ್ಲಿ ಮೊದಲು ಹುಣಸೆ ಮರಗಳಿದ್ದವು. ರಸ್ತೆ ಅಗಲ ಮಾಡುತ್ತೇವೆ ಅಂತ ಅಷ್ಟನ್ನೂ ಉರುಳಿಸಿ, ರಸ್ತೆಯನ್ನು ಮಾತ್ರ ಹಾಗೇ ಬಿಟ್ಟು ಹೋಗಿದ್ದರು. ಬಸ್ಸಿಗೆ ಕಾಯುವ ಹೆಂಗಸರು ಸೆರಗನ್ನು ತಲೆಗೆ ಹೊದ್ದು ಬಿಸಿಲಲ್ಲಿ ನಿಲ್ಲುತ್ತಿದ್ದರು. ಹರಿಹರ ಅವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಈ ದಾರಿಗೆ ಅರಳಿ ಹಾಕಬೇಕು, ಅರಳಿ ಗೋಡೆಯ ಬಿರುಕಲ್ಲೂ ಬದುಕುತ್ತದೆ, ದೇವರ ಮರ ಅಂತ ಅದಕ್ಕೆ ಯಾವನೂ ಕೊಡಲಿ ಎತ್ತುವುದಿಲ್ಲ, ಬಸ್ ಸ್ಟಾಪಿನಲ್ಲಿ ಒಂದು ಅರಳಿಕಟ್ಟೆ ಆಗಲಿ, ದಾರಿಹೋಕರು ಕೂರಲಿ ಅನ್ನುವುದು ಅವರ ಒಂದೇ ಜಪವಾಗಿತ್ತು. ಇಂಥಾ ಜಪವನ್ನು ಕನ್ನಡದಲ್ಲಿ ಮಾಡಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಅನಸೂಯ ಆಸ್ಪತ್ರೆ ಸೇರಿದರು. ಅಕ್ಕನ ಮಗಳ ಬಾಣಂತನ ಅಂತ ನಾನು ತುಮಕೂರಿಗೆ ಹೋಗಿದ್ದೆ. ಆಸ್ಪತ್ರೆಗೆ ನೋಡಲು ಬಂದ ವೇದಾಚಲಂ, ಸಾರ್, ಮಳೆ ಬಂದಿದೆ, ದಾರಿಗೆ ಏನು ನೆಡೋಣ ಅಂತ ಕೇಳಿದರಂತೆ. ಹೆಂಡತಿಯ ಮಂಚದ ಪಕ್ಕ ಕೂತಿದ್ದ ಹರಿಹರ ತಮ್ಮ ತಮಿಳಿನಲ್ಲಿ ಹೇಳಿದರು: "ಅರಳಿ ವೇಣುಂ. ಬಸ್ ಸ್ಟಾಪ್‌ಲೆ ಇರುಂದು ಕೋಯಿಲ್ ವರೆಕ್ಕುಂ ಅರಳಿ." ಅರಳಿ ಬೇಕು, ಬಸ್ ಸ್ಟಾಪಿನಿಂದ ದೇವಸ್ಥಾನದವರೆಗೂ ಅರಳಿ.

ಅನಸೂಯ ಉಳಿಯಲಿಲ್ಲ. ಹರಿಹರ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಊರಲ್ಲೇ ತಿಥಿಕರ್ಮಗಳನ್ನು ಮುಗಿಸಿಕೊಂಡು ವಾಪಸು ಬಂದು ಬಸ್ಸಿನಿಂದ ಇಳಿದರೆ, ವೇದಾಚಲಂ ಅರ್ಧ ಊರನ್ನು ಕಟ್ಟಿಕೊಂಡು ನಿಂತಿದ್ದರು. ದಾರಿಯ ಎರಡೂ ಕಡೆ ಉದ್ದಕ್ಕೂ ಗಿಡಗಳು. ಪಾತಿ ಮಾಡಿ, ನೀರು ಹೊಯ್ದು, ಒಂದನ್ನೂ ಬಾಡಲು ಬಿಡದೆ ಸಾಕಿದ್ದರು. ಕೆಲವು ಆಗಲೇ ಗುಲಾಬಿ ಬಣ್ಣದ ಹೂ ಬಿಟ್ಟಿದ್ದವು. "ಸಾರ್, ನೀಂಗ ಕೇಟ್ಟ ಅರಳಿ" ಅಂದರು ವೇದಾಚಲಂ. ನೀವು ಕೇಳಿದ ಅರಳಿ. ಹರಿಹರ ಅಷ್ಟೂ ಜನಕ್ಕೆ ಕೈಮುಗಿದರಂತೆ.

ಅದು ಕಣಗಿಲೆ. ನಾವು ಅರಳಿ ಅನ್ನುವ ಮರಕ್ಕೆ ತಮಿಳರು ಅರಸಮರ ಅನ್ನುತ್ತಾರೆ. ಅವರ ಬಾಯಲ್ಲಿ ಅರಳಿ ಅಂದರೆ ಕಣಗಿಲೆ, ದೇವರ ಹಾರಕ್ಕೆ ಕಟ್ಟುವ ಹೂವು. ಎಲೆಯಿಂದ ಬೇರಿನವರೆಗೆ ವಿಷ.

ನಾನು ಅದೇ ವಾರ ವಾಪಸು ಬಂದವಳು ದಾರಿ ನೋಡಿ ಮೊದಲು ನಕ್ಕುಬಿಟ್ಟೆ. ಹರಿಹರ ಅವರ ಮುಖ ನೋಡಿದ ಮೇಲೆ ನಗು ಸತ್ತಿತು. ಇವತ್ತೇ ಹೇಳಿಬಿಡೋಣ, ವೇದಾಚಲಂ ದೊಡ್ಡ ಮನುಷ್ಯ, ತಾನೂ ನಗುತ್ತಾನೆ, ಗಿಡ ಬದಲಾಯಿಸೋಣ ಅಂದೆ. ಅವರು ಬೇಡ ಅಂತ ತಲೆ ಆಡಿಸಿದರು.

"ಹೆಂಡ್ತಿ ಕಳ್ಕೊಂಡೋನಿಗೆ ಸಂತೋಷ ಆಗ್ಲಿ ಅಂತ ಊರೆಲ್ಲಾ ಸೇರಿ ನೆಟ್ಟವ್ರೆ ಚಂದ್ರಮತಮ್ಮ. ಇದಲ್ಲ ನಾನ್ ಕೇಳಿದ್ದು ಅಂತ ಯಾವ್ ಬಾಯಲ್ಲಿ ಹೇಳ್ಲಿ?"

ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಅಂತ ಗಾದೆಯನ್ನೇ ಮುಖಕ್ಕೆ ಹೇಳಿದೆ. ಅವರು ಅನಸೂಯನ ಮೇಲೆ ಆಣೆ ಇಡಿಸಿಕೊಂಡು ನನ್ನ ಬಾಯಿ ಕಟ್ಟಿದರು. ಹೋಗಲಿ ಬಿಡಿ, ಕಣಗಿಲೆಯನ್ನು ದನ ಮೂಸುವುದಿಲ್ಲ, ಬೇಲಿಯ ಖರ್ಚಿಲ್ಲ, ಹೂವಾದರೂ ಬರುತ್ತದೆ ಅಂತ ನನಗೋ ತಮಗೋ ಸಮಾಧಾನ ಹೇಳಿಕೊಂಡರು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಬಿಂದಿಗೆ ಹೊತ್ತು ಆ ವಿಷದ ಗಿಡಗಳಿಗೆ ನೀರು ಹೊಯ್ದರು. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಗಿಡ ಬೆಳೆದವು, ನೆರಳು ಬರಲಿಲ್ಲ. ಹೆಂಗಸರು ಹೂವಿನ ಮಧ್ಯೆ ಬಿಸಿಲಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದರು.

ನಮ್ಮ ಬೀದಿಗೆ ಹಾಲು ಕೊಡುತ್ತಿದ್ದವಳು ಧನಭಾಗ್ಯಂ ಅನ್ನುವ ವಿಧವೆ. ತಮಿಳರಿಗೆ 'ಧ'ಕ್ಕೂ 'ದ'ಕ್ಕೂ ವ್ಯತ್ಯಾಸವಿಲ್ಲವಲ್ಲ, ಹಾಗಾಗಿ ಹರಿಹರ ಅವಳನ್ನು ದನಭಾಗ್ಯ ಅಂತಲೇ ಕರೆಯುತ್ತಿದ್ದರು. ತಪ್ಪೇನೂ ಇರಲಿಲ್ಲ, ಅವಳಿಗಿದ್ದ ಭಾಗ್ಯವೇ ಒಂದು ದನ. ಕೆಂಪು ಹಸು, ಸೆವಲೈ ಅಂತ ಕೂಗಿದರೆ ತಿರುಗಿ ನೋಡುತ್ತಿತ್ತು. ಅನಸೂಯ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಆ ಹಸುವಿನ ಹಾಲನ್ನು ಧನಭಾಗ್ಯಂ ತಾನೇ ಬಸ್ ಹತ್ತಿ ಪೋರೂರಿಗೆ ಒಯ್ದು ಕೊಟ್ಟಿದ್ದಳು. ಅನಸೂಯನ ಬಾಯಿಗೆ ಕೊನೆಗೆ ಹೋದದ್ದೂ ಆ ಹಾಲೇ.

ಎರಡು ಸಾವಿರದ ನಾಲ್ಕರ ಬೇಸಿಗೆ ಬಂತು. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ಕೆರೆಯ ತಳ ಬಿರುಕು ಬಿಟ್ಟು, ಜನ ಕೊಡ ಹಿಡಿದು ನೀರಿನ ಲಾರಿಗೆ ಕಾಯುತ್ತಿದ್ದರು. ಮನುಷ್ಯರಿಗೇ ಹೀಗಾದರೆ ದನಕ್ಕೆ ಹುಲ್ಲು ಎಲ್ಲಿಂದ ಬರಬೇಕು. ಧನಭಾಗ್ಯಂ ಹಸುವನ್ನು ಮೇಯಲು ಬಿಟ್ಟರೆ ಅದು ಗೋಡೆಗೆ ಅಂಟಿಸಿದ ಚುನಾವಣೆಯ ಪೋಸ್ಟರು ಕಿತ್ತು ತಿನ್ನುತ್ತಿತ್ತು. ಆದರೆ ಕಣಗಿಲೆ ಮಾತ್ರ ಎಷ್ಟು ನೀರಿಲ್ಲದಿದ್ದರೂ ಜಗ್ಗಲಿಲ್ಲ. ತಲೆಗಿಂತ ಎತ್ತರ ಬೆಳೆದು ಬಸ್ಸಿನ ಕಿಟಕಿಗೆ ಹೊಡೆಯುತ್ತಿತ್ತು. ಕಂಡಕ್ಟರ್ ಬೈದ. ನಾವೆಲ್ಲ ಕತ್ತರಿ ಮಚ್ಚು ಹಿಡಿದು ರೆಂಬೆ ಸವರಿದೆವು.

ಕಸ ಎಲ್ಲೆಂದರಲ್ಲಿ ಬೀಳಬಾರದು ಅನ್ನುವುದು ಹರಿಹರ ಅವರ ಕಟ್ಟುನಿಟ್ಟು. ಸವರಿದ ರೆಂಬೆ, ಗುಡಿಸಿದ ಒಣಹುಲ್ಲು, ತರಗೆಲೆ ಎಲ್ಲವನ್ನೂ ಬಸ್ ಸ್ಟಾಪಿನ ಹಿಂದೆ ಒಂದೇ ಗುಡ್ಡೆಯಾಗಿ ಒಪ್ಪವಾಗಿ ಪೇರಿಸಿದರು. ಪಂಚಾಯಿತಿ ಲಾರಿ ಬಂದು ಒಯ್ಯಬೇಕಿತ್ತು. ಚುನಾವಣೆ ಅಂತ ಲಾರಿ ಬರಲಿಲ್ಲ. ಗುಡ್ಡೆ ಬಿಸಿಲಿಗೆ ಒಣಗಿ, ಕಣಗಿಲೆಯ ಎಲೆಗೂ ಹುಲ್ಲಿಗೂ ಭೇದ ತಿಳಿಯದ ಹಾಗಾಯಿತು.

ಹಸಿ ಕಣಗಿಲೆಯನ್ನು ದನ ಮೂಸುವುದಿಲ್ಲ, ನಿಜ. ಒಣಗಿದರೆ ಅದರ ಕಹಿ ನಾಲಿಗೆಗೆ ಸಿಗುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ ಅಂತ ನಮಗೆ ಹೇಳಿದ್ದು ದನದ ಡಾಕ್ಟರು. ಅಷ್ಟು ಹೊತ್ತಿಗೆ ಗುಡ್ಡೆಗೆ ಬಾಯಿ ಹಾಕಿದ್ದ ಸೆವಲೈ ದಾರಿಯ ಮಧ್ಯದಲ್ಲಿ ಮಲಗಿ ಕಾಲು ಬಡಿಯುತ್ತಿತ್ತು. ಧನಭಾಗ್ಯಂ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಡಾಕ್ಟರು ಏನೋ ಚುಚ್ಚಿದರು. ಹಸು ಒಂದು ಸಲ ಜೋರಾಗಿ ಉಸಿರು ಬಿಟ್ಟು ಸುಮ್ಮನಾಯಿತು.

ಊರು ಸೇರಿತ್ತು. ಧನಭಾಗ್ಯಂ ಅಳಲಿಲ್ಲ. ಹರಿಹರ ಅವರ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅರಳಿ ಕೇಟ್ಟದು ನೀಂಗ ತಾನೇ, ಸಾರ್?"

ಅರಳಿ ಕೇಳಿದವರು ನೀವೇ ತಾನೇ. ವೇದಾಚಲಂ ಪಕ್ಕದಲ್ಲೇ ನಿಂತಿದ್ದರು. ಇಲ್ಲಮ್ಮ, ನಾನು ಕೇಳಿದ್ದು ಅರಸಮರ, ತಂದವರು ತಪ್ಪು ತಿಳಿದರು ಅಂತ ಒಂದು ಮಾತು ಸಾಕಿತ್ತು. ಹೇಳಿ, ಈಗಲಾದರೂ ಹೇಳಿ ಅಂತ ನಾನು ಮನಸ್ಸಲ್ಲೇ ಹಲ್ಲು ಕಡಿಯುತ್ತಿದ್ದೆ.

"ಆಮಾಮ್ಮಾ," ಅಂದರು ಹರಿಹರ. "ನಾನ್ ತಾನ್ ಕೇಟ್ಟೇನ್."

ಹೌದಮ್ಮ, ನಾನೇ ಕೇಳಿದ್ದು. ಅವರು ಆಡಿದ ತಮಿಳಿನಲ್ಲಿ ಒಂದೂ ತಪ್ಪಿಲ್ಲದ ಮಾತು ಅದೊಂದೇ ಇರಬೇಕು.

ಮಾರನೇ ದಿನವೇ ಹಾರೆ ಹಿಡಿದು ಗಿಡ ಕೀಳಲು ನಿಂತರು. ಊರಿನ ಹುಡುಗರೆಲ್ಲ ಪಾರ್ಟಿಗಳ ಬಾವುಟ ಹಿಡಿದು ಬಿರಿಯಾನಿಯ ಹಿಂದೆ ಹೋಗಿದ್ದರು. ಕಿತ್ತವರು ಅವರು, ವೇದಾಚಲಂ ಮತ್ತು ನಾನು, ಮೂರು ಮುದಿ ಜೀವ. ವೇದಾಚಲಂ ಪ್ರತಿ ಗಿಡ ಕಿತ್ತಾಗಲೂ, ಪಾಪ ಸಾರ್, ನೀವು ಆಸೆಪಟ್ಟು ಕೇಳಿದ್ದು ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಅಲ್ಲೇ ಕಿರುಚಿಕೊಳ್ಳುವ ಹಾಗಾಗುತ್ತಿತ್ತು.

ಕಿತ್ತದ್ದೇನೋ ಆಯಿತು, ಮಾಡುವುದೇನು? ಸುಟ್ಟರೆ ಹೊಗೆಯೂ ವಿಷ ಅಂತ ವೇದಾಚಲಂ ಹೇಳಿದರು. ಹೂಳೋಣ ಅಂದರೆ ನೆಲ ಕಲ್ಲಾಗಿತ್ತು, ಹಾರೆ ಎಗರುತ್ತಿತ್ತು. ಗುಡ್ಡೆಯ ಸುತ್ತ ಹಗ್ಗ ಕಟ್ಟಿದರೆ ಮೇಕೆಗಳು ಅಡಿಯಲ್ಲಿ ನುಗ್ಗುತ್ತಿದ್ದವು. ಪಂಚಾಯಿತಿಯಲ್ಲಿ ಕೇಳಿದರೆ ಓಟು ಮುಗಿಯಲಿ, ಲಾರಿ ಕಳಿಸುತ್ತೇವೆ ಅಂದರು. ಆಗ ಹರಿಹರ ಗಾರ್ಡ್ ಕೆಲಸದ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಅನಸೂಯನ ಕಪ್ಪು ಕೊಡೆ ಹಿಡಿದು, ಆ ಗುಡ್ಡೆಯ ಪಕ್ಕ ಕೂತರು.

ಮೇ ತಿಂಗಳು, ಕತ್ತಿರಿ ಬಿಸಿಲು ಶುರುವಾಗಿತ್ತು. ಕತ್ತಿರಿ ಅಂದರೆ ಇಲ್ಲಿ ಅಗ್ನಿನಕ್ಷತ್ರದ ದಿನಗಳು, ನಾಯಿ ಕೂಡ ಮಧ್ಯಾಹ್ನ ಹೊರಗೆ ಬರುವುದಿಲ್ಲ. ದನವೋ ಮೇಕೆಯೋ ಹತ್ತಿರ ಬಂದರೆ ಹರಿಹರ ಸೀಟಿ ಊದುತ್ತಿದ್ದರು. ನಮ್ಮ ಮನೆಗೆ ಕೇಳಿಸುತ್ತಿತ್ತು. ನಾನು ಮಜ್ಜಿಗೆ ತೆಗೆದುಕೊಂಡು ಹೋಗಿ ಬೈಯುತ್ತಿದ್ದೆ, ಸರದಿಯ ಮೇಲೆ ಕೂರೋಣ, ಏಳಿ ಅನ್ನುತ್ತಿದ್ದೆ. ಗೂಡ್ಸ್ ಗಾರ್ಡಿಗೆ ಕಾಯುವುದು ಹೊಸದಲ್ಲ, ಅರಸೀಕೆರೆ ಯಾರ್ಡಿನಲ್ಲಿ ಸಿಗ್ನಲ್ಲಿಗೆ ಇದಕ್ಕಿಂತ ಹೆಚ್ಚು ಕಾದಿದ್ದೇನೆ ಅನ್ನುತ್ತಿದ್ದರು. ದನಕರು ಕೊಟ್ಟಿಗೆ ಸೇರಿದ ಮೇಲಷ್ಟೇ ಮನೆಗೆ ಏಳುತ್ತಿದ್ದರು.

ಧನಭಾಗ್ಯಂ ಪೋರೂರಿನ ಹೊಸ ಕಂಪನಿ ಆಫೀಸೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಅದೇ ಸ್ಟಾಪಿನಲ್ಲಿ ಬಸ್ಸಿಗೆ ನಿಲ್ಲುತ್ತಿದ್ದಳು. ಹರಿಹರ ಅವಳನ್ನು ನೋಡಿ ಎದ್ದು ನಿಲ್ಲುತ್ತಿದ್ದರು, ಅವಳು ಮುಖ ತಿರುಗಿಸಿ ಬಸ್ಸು ಹತ್ತುತ್ತಿದ್ದಳು.

ಓಟಿನ ದಿನ ಮಧ್ಯಾಹ್ನ ಸೀಟಿ ಕೇಳಿಸಲಿಲ್ಲ. ಮೇಕೆಗಳು ಬಂದಿಲ್ಲ ಅಂದುಕೊಂಡು ಮಜ್ಜಿಗೆ ಕಡೆದು ತೆಗೆದುಕೊಂಡು ಹೋದರೆ, ಕೊಡೆ ರಸ್ತೆಯಲ್ಲಿ ಉರುಳಿತ್ತು. ಅವರು ಗುಡ್ಡೆಗೆ ಒರಗಿಕೊಂಡಿದ್ದರು. ಮೈ ಕಾದ ಹೆಂಚಾಗಿತ್ತು, ಒಂದು ತೊಟ್ಟು ಬೆವರಿರಲಿಲ್ಲ. ನಾನೂ ವೇದಾಚಲಂ ಅವರೂ ಆಟೋದಲ್ಲಿ ಹಾಕಿಕೊಂಡು ಅನಸೂಯ ತೀರಿಕೊಂಡ ಅದೇ ಆಸ್ಪತ್ರೆಗೆ ಹೋದೆವು. ಬಿಸಿಲು ಹೊಡೆದಿದೆ, ತಡವಾಯಿತು ಅಂದರು. ಅವರ ಬದುಕಿಗೆ ಬೇಕಾಗಿದ್ದದ್ದು ಒಂದು ಮರದ ನೆರಳು. ಅಲ್ಲಿ ಅರಳಿ ನೆಟ್ಟಿದ್ದರೆ ಅಷ್ಟು ಹೊತ್ತಿಗೆ ಒಬ್ಬ ಮನುಷ್ಯ ಕೂರುವಷ್ಟಾದರೂ ನೆರಳು ಆಗಿರುತ್ತಿತ್ತು.

ನಂಜನಗೂಡಿನಲ್ಲಿದ್ದ ಹರಿಹರ ಅವರ ತಮ್ಮನಿಗೆ ಫೋನು ಮಾಡಿ, ದೇಹವನ್ನು ಶವಾಗಾರದಲ್ಲಿ ಬಿಟ್ಟು, ಇಳಿಹೊತ್ತಿಗೆ ನಾವಿಬ್ಬರೂ ವಾಪಸು ಬಂದು ಬಸ್ಸಿನಿಂದ ಇಳಿದೆವು. ಗುಡ್ಡೆಯ ಪಕ್ಕ ಯಾರೋ ಕೂತಿದ್ದರು. ಧನಭಾಗ್ಯಂ. ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು, ಪಕ್ಕದಲ್ಲಿ ಮಡಿಸಿಟ್ಟ ಕೊಡೆ. ಲಾರಿ ಇನ್ನೂ ಬಂದಿಲ್ಲ ಅಂದಳು. ಸಾರ್ ಹೇಗಿದ್ದಾರೆ ಅಂತ ಅವಳು ಕೇಳಲಿಲ್ಲ, ನಮ್ಮ ಮುಖದಲ್ಲೇ ಅದು ಇತ್ತು.

ವೇದಾಚಲಂ ಅಲ್ಲೇ ನಿಂತು ಮಗುವಿನ ಹಾಗೆ ಅತ್ತರು. ಅವರಿಗೆ ಅರಳಿ ಅಂದರೆ ಪ್ರಾಣ, ಊರು ಏನೇ ಅನ್ನಲಿ, ಸುತ್ತ ಬೇಲಿ ಹಾಕಿ ಅವರ ಹೆಸರಲ್ಲಿ ಒಂದೇ ಒಂದು ಅರಳಿ ನೆಡುತ್ತೇನೆ ಅಂದರು.

ಆಣೆ ಇಡಿಸಿಕೊಂಡವರೂ ಇಲ್ಲ, ಯಾರ ಮೇಲೆ ಇಟ್ಟೆನೋ ಅವರೂ ಇಲ್ಲ. ನೆಡುವುದಾದರೆ ಅರಸಮರ ನೆಡಿ ಅಂದೆ. ಯಾಕಮ್ಮ ಅರಸಮರ ಅಂತ ಕೇಳಿದರು. ನಮ್ಮ ಭಾಷೆಯಲ್ಲಿ ಅದಕ್ಕೆ ಅರಳಿ ಅನ್ನುತ್ತೇವೆ ಅಂದೆ.

ವೇದಾಚಲಂ ನನ್ನನ್ನೇ ನೋಡುತ್ತಾ ನಿಂತರು. ಆಸ್ಪತ್ರೆಯ ಮಂಚ, ಆ ದಿನದ ಮಾತು, ಬಸ್ ಸ್ಟಾಪಿನಲ್ಲಿ ಕೈಮುಗಿದು ನಿಂತ ಹರಿಹರ, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಕೇಳಿದರು: "ಏನಮ್ಮಾ ಸೊಲ್ಲಲೆ?" ಯಾಕೆ ಹೇಳಲಿಲ್ಲ.

"ದಾಕ್ಷಿಣ್ಯ" ಅಂದೆ.

ಅರಳಿಯ ಹಾಗಲ್ಲ ಆ ಮಾತು. ತಮಿಳಿನಲ್ಲೂ ಅದು ಅದೇ, ಅರ್ಥವೂ ಅದೇ. ಬಿಡಿಸಿ ಹೇಳಬೇಕಾಗಲಿಲ್ಲ. ವೇದಾಚಲಂ ರಸ್ತೆಯ ಮೇಲೇ ಕೂತುಬಿಟ್ಟರು.

ಧನಭಾಗ್ಯಂ ಇಬ್ಬರನ್ನೂ ನೋಡಿದಳು. ಹಾಗಾದರೆ ಸಾರ್ ಕೇಳಿದ್ದು ಇದಲ್ಲವಾ ಅಂತ ಕೇಳಿದಳು. ಅಷ್ಟರಲ್ಲಿ ಒಂದು ಮೇಕೆ ಗುಡ್ಡೆಯ ಹತ್ತಿರ ಬಂತು. ಅವಳು ಎದ್ದು ಹೋಗಿ ಅದನ್ನು ದೂರ ಓಡಿಸಿ, ಮತ್ತೆ ಬಂದು ಅದೇ ಜಾಗದಲ್ಲಿ ಕೂತಳು.