ಕೊನೆಯ ಸಾಲಿನ ಹೆಸರು

ಇಳಕಲ್ಲಿನ ನಮ್ಮ ಓಣಿಯಾಚೆಗಿನ ಸಣ್ಣ ಚರ್ಚಿನ ಪಾದ್ರಿಗಳು ಹಾಡು ಕಟ್ಟಲು ನಮ್ಮ ಮನೆಗೆ ಬರುತ್ತಿದ್ದರು. ಚರ್ಚಿನಲ್ಲಿ ಹಾರ್ಮೋನಿಯಂ ಇತ್ತು. ಆದರೂ ಅವರಿಗೆ ಅಪ್ಪನ ಮಗ್ಗದ ಸಪ್ಪಳವೇ ಬೇಕು. ಅದಕ್ಕೆ ತೊಡೆ ತಟ್ಟುತ್ತ ಗುನುಗುವರು. ಸಾಲು ಕೂಡದಿದ್ದರೆ ಕಣ್ಣು ಮುಚ್ಚಿ, "ಇನ್ನೊಮ್ಮಿ" ಎಂದು ತಮಗೆ ತಾವೇ ಹೇಳಿಕೊಳ್ಳುವರು.

ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿಗೆ ಕೇಳಿ ಕೇಳಿಯೇ ಒಂದು ಹಾಡು ಬಾಯಿಗೆ ಬಂತು. ಒಂದು ದಿನ ಅವರೆದುರೇ ಹಾಡಿದಳು. ಕೊನೆಯ ಸಾಲಿನಲ್ಲಿ ಯೇಸುಸ್ವಾಮಿ ಇದ್ದಲ್ಲಿ ಬನಶಂಕರಿ ಎಂದಳು. ಅಪ್ಪನ ಕೈ ನಿಂತಿತು.

"ಹಾಡಿನ ಕಡೀಕ ಮನಿದೇವರು ಬರಬೇಕ್ರಿ," ಎಂದಳು ಅಜ್ಜಿ.

ಪಾದ್ರಿಗಳು ಕಣ್ಣು ಮುಚ್ಚಿದರು. "ಇನ್ನೊಮ್ಮಿ ಹಾಡ್ರಿ, ಯವ್ವಾ."

ಮೆಚ್ಚಿದರೋ, ನೊಂದರೋ ತಿಳಿಯಲಿಲ್ಲ.

ಪಾದ್ರಿಗಳು ತೀರಿಕೊಂಡಾಗ ನಾವೂ ಚರ್ಚಿಗೆ ಹೋದೆವು. ಅಲ್ಲಿ ಅವರ ಹೆಂಡತಿ ಹಾಡಿನ ವಹಿ ತೆರೆದರು. ಆ ಹಾಡಿನ ಕೊನೆಯಲ್ಲಿ ಯೇಸುವಿನ ಹೆಸರಿನ ಮೇಲೆ ಪಾದ್ರಿಗಳೇ ಗೀಟು ಎಳೆದಿದ್ದರು. ಬದಲಿಗೆ ಏನೂ ಬರೆದಿರಲಿಲ್ಲ.

"ಇಲ್ಲಿ ಏನ್ ಹಾಡೂದ್ರಿ?" ಎಂದು ಅವರು ನಮ್ಮ ಕಡೆ ನೋಡಿದರು. ಹಾಡು ಆ ಜಾಗಕ್ಕೆ ಬಂದಾಗ ಎಲ್ಲರ ದನಿ ತಡವರಿಸಿತು. ಅಜ್ಜಿಯೊಬ್ಬಳೇ ಗಟ್ಟಿಯಾಗಿ ಯೇಸುಸ್ವಾಮಿ ಎಂದಳು.

"ಹಂಗ್ಯಾಕ ಹಾಡಿದಿ?" ಎಂದು ದಾರಿಯಲ್ಲಿ ಕೇಳಿದೆ.

"ಅದು ಅವರ ಮನಿ ಅಲ್ಲೇನು?"

ಮರುದಿನ ನೂಲು ಸುತ್ತುತ್ತ ಅದನ್ನೇ ಹಾಡಿದಳು, ಬನಶಂಕರಿ ಎಂದೇ. ಪಾದ್ರಿಗಳು ಆ ಗೀಟು ಯಾಕೆ ಎಳೆದರೋ ನನಗೆ ಇಂದಿಗೂ ತಿಳಿಯದು. ಈಗಲೂ ಆ ಹಾಡು ಗುನುಗುತ್ತ ಕೊನೆಯ ಸಾಲಿಗೆ ಬಂದು ನಿಂತುಬಿಡುತ್ತೇನೆ.